ಒರೆಗಲ್ಲಿಗೆ ಸಿಗದ ಲೋಹ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸುತ್ತದೆ. ಬಿತ್ತನೆ ಬೀಜ ತಂದ ರೈತ ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವೆಂದು ಎಣಿಸುತ್ತಾನೆ. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣ ನೋಡುತ್ತಾನೆ. ಮಾರುವವನ ಮಾತನ್ನು ನಂಬದೆ ವಸ್ತುವಿನಿಂದಲೇ ಸಾಕ್ಷ್ಯ ಹೇಳಿಸುವ ಉಪಾಯಗಳು ಇವು. ಕೊಳ್ಳುವವನ ಕೈಯಲ್ಲಿ ಇಂಥದೊಂದು ಪರೀಕ್ಷೆ ಇರುವವರೆಗೆ ಮಾರುವವನು ಯಾರು, ಎಂಥವನು ಎಂಬ ಪ್ರಶ್ನೆ ಅಷ್ಟು ಮುಖ್ಯವಾಗುವುದಿಲ್ಲ.

ಆದರೆ ವಿಮಾನದ ಎಂಜಿನ್ನಿನ ಒಂದು ಅಲಗನ್ನೋ ಉಪಗ್ರಹದೊಳಗಿನ ಒಂದು ಚಿಪ್ಪನ್ನೋ ತಟ್ಟಿ ನೋಡಿ ಪ್ರಯೋಜನವಿಲ್ಲ. ಲೋಹದ ಬಲ ಎಷ್ಟೆಂದು ನಿಖರವಾಗಿ ತಿಳಿಯಬೇಕಾದರೆ ಅದನ್ನು ಎಳೆದು ತುಂಡು ಮಾಡಬೇಕು. ತುಂಡಾದದ್ದನ್ನು ಮತ್ತೆ ಬಳಸುವಂತಿಲ್ಲ. ಒಂದು ಸಿಡಿಮದ್ದಿನ ಕೊಳವೆ ಸಿಡಿಯುತ್ತದೆಯೇ ಎಂದು ನೋಡಲು ಅದನ್ನು ಸಿಡಿಸಿಯೇ ನೋಡಬೇಕು. ಹಾಗಾಗಿ ಉನ್ನತ ತಂತ್ರಜ್ಞಾನದ ತಯಾರಿಕೆಯಲ್ಲಿ ಕೊಳ್ಳುವವನ ಕೈಗೆ ಬರುವುದು ಎರಡು ವಸ್ತುಗಳು. ಒಂದು ಬಿಡಿಭಾಗ, ಇನ್ನೊಂದು, ‘ಇದೇ ರಾಶಿಯ ಮಾದರಿಯೊಂದನ್ನು ಪರೀಕ್ಷಿಸಿದ್ದೇವೆ, ಸರಿಯಾಗಿದೆ’ ಎಂದು ಬರೆದ ಒಂದು ಹಾಳೆ ಕಾಗದ. ಭಾಗವನ್ನು ಅಳೆಯಬಹುದು, ತೂಗಬಹುದು. ಅದರ ಒಳಗುಣವನ್ನು ಮಾತ್ರ ಆ ಕಾಗದದ ಮೇಲಿನ ನಂಬಿಕೆಯಿಂದಲೇ ಒಪ್ಪಿಕೊಳ್ಳಬೇಕು. ಪೂರೈಕೆದಾರನನ್ನು ಆರಿಸುವುದೆಂದರೆ ಯಾರ ಮಾತನ್ನು ನಂಬಬೇಕೆಂದು ಆರಿಸುವುದೇ ಆಗಿದೆ.

ಈ ನಂಬಿಕೆಗೆ ಎಷ್ಟು ಬೆಲೆ ಇದೆ ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಒಂದು ಯಂತ್ರದಲ್ಲಿ ಸಾವಿರ ಭಾಗಗಳಿವೆ, ಅವುಗಳಲ್ಲಿ ಯಾವ ಒಂದು ಕೈಕೊಟ್ಟರೂ ಯಂತ್ರ ನಿಲ್ಲುತ್ತದೆ ಎಂದುಕೊಳ್ಳೋಣ. ಪ್ರತಿ ಭಾಗವೂ ಸರಿಯಾಗಿರುವ ಸಾಧ್ಯತೆ ಸಾವಿರಕ್ಕೆ 999. ಕೇಳಲು ಇದು ಬಹಳ ಒಳ್ಳೆಯ ಗುಣಮಟ್ಟ. ಆದರೆ ಇಡೀ ಯಂತ್ರ ಸರಿಯಾಗಿ ನಡೆಯುವ ಸಾಧ್ಯತೆ ನೂರಕ್ಕೆ 37 ಮಾತ್ರ. ಸಂತೆಯಲ್ಲಿ ಸಾವಿರಕ್ಕೊಂದು ಮಡಕೆ ಒಡೆದರೆ ಯಾರೂ ದೂರುವುದಿಲ್ಲ. ರಾಕೆಟ್ಟಿನಲ್ಲಿ ಸಾವಿರಕ್ಕೊಂದು ತಪ್ಪಿಗೂ ಜಾಗವಿಲ್ಲ.

ಸೇತುವೆಯ ತಂತಿ

ಪೂರೈಕೆದಾರನ ಆಯ್ಕೆ ತಪ್ಪಿದ ಹಳೆಯ ಕಥೆಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯದು ಪ್ರಸಿದ್ಧವಾದುದು. ಇಂದು ಪ್ರವಾಸಿಗರು ಚಿತ್ರ ತೆಗೆಯುವ ಆ ಸೇತುವೆ 1870ರ ದಶಕದಲ್ಲಿ ಅತ್ಯುನ್ನತ ತಂತ್ರಜ್ಞಾನದ ಮಾತಾಗಿತ್ತು. ಎರಡು ಗೋಪುರಗಳ ನಡುವೆ ಸುಮಾರು 486 ಮೀಟರ್ ಅಂತರ. ಅಷ್ಟು ಭಾರವನ್ನು ಹೊರುವುದು ನಾಲ್ಕು ಹಗ್ಗಗಳು; ಒಂದೊಂದು ಹಗ್ಗದಲ್ಲಿ ಐದು ಸಾವಿರಕ್ಕೂ ಹೆಚ್ಚು ತಂತಿಗಳು. ತೂಗುಸೇತುವೆಗೆ ಕಬ್ಬಿಣದ ಬದಲು ಉಕ್ಕಿನ ತಂತಿಯನ್ನು ಬಳಸುವ ಸಾಹಸ ಆಗ ಹೊಸದು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ನದಿಯ ತಳದ ಒತ್ತಡದ ಕೋಣೆಗಳಲ್ಲಿ ದುಡಿದು ಕಾಯಿಲೆ ಬಿದ್ದಿದ್ದ. ಮನೆಯ ಕಿಟಕಿಯಿಂದ ಕೆಲಸವನ್ನು ನೋಡುತ್ತ, ಹೆಂಡತಿ ಎಮಿಲಿಯ ಮೂಲಕ ಸೂಚನೆಗಳನ್ನು ಕಳುಹಿಸುತ್ತಿದ್ದ.

ತಂತಿಗೆ ಟೆಂಡರು ಕರೆದಾಗ ಒಂದು ಸಜ್ಜನಿಕೆಯ ಪ್ರಶ್ನೆ ಎದ್ದಿತು. ರೋಬ್ಲಿಂಗ್ ಮನೆತನದ್ದೇ ಒಂದು ಹೆಸರುವಾಸಿ ತಂತಿ ಕಾರ್ಖಾನೆ ಇತ್ತು. ಎಂಜಿನಿಯರನ ಮನೆಯವರೇ ಸೇತುವೆಗೆ ಮಾಲು ಮಾರಬಹುದೇ? ಈ ಆಕ್ಷೇಪದ ಮುಂದೆ ವಾಷಿಂಗ್ಟನ್ ತನ್ನ ಷೇರುಗಳನ್ನು ಮಾರಿಬಿಟ್ಟ. ಕಡೆಗೆ, ಧರ್ಮದರ್ಶಿಗಳು ಆರಿಸಿದ ಜಾತಿಯ ಉಕ್ಕಿಗೆ ಕಡಿಮೆ ದರ ಹೇಳಿದ ಬ್ರೂಕ್ಲಿನ್ನಿನ ತಯಾರಕ ಜೆ. ಲಾಯ್ಡ್ ಹೇಗ್ ಎಂಬಾತನಿಗೆ ಗುತ್ತಿಗೆ ಹೋಯಿತು. ಕಾಗದದ ಮೇಲೆ ಎಲ್ಲವೂ ನ್ಯಾಯವಾಗಿತ್ತು. ಆದರೆ ಹೇಗ್ ಎಂಥವನೆಂದು ಕೇಳುವ ಅಂಕಣ ಟೆಂಡರಿನಲ್ಲಿರಲಿಲ್ಲ.

ತಂತಿಯ ಪರೀಕ್ಷೆ ಅವನ ಕಾರ್ಖಾನೆಯಲ್ಲೇ ನಡೆಯುತ್ತಿತ್ತು. ಸೇತುವೆಯ ಪರೀಕ್ಷಕ ಸುರುಳಿಗಳಿಂದ ತುಂಡು ಕತ್ತರಿಸಿ ಎಳೆದು ನೋಡಿ, ಸರಿಯಿದ್ದರೆ ಪ್ರಮಾಣಪತ್ರ ಬರೆದು ಗಾಡಿಗೆ ಹೇರಿಸುತ್ತಿದ್ದ. ಗಾಡಿ ಸೇತುವೆ ತಲುಪಿದಾಗ ಪ್ರಮಾಣಪತ್ರ ಅದೇ ಇರುತ್ತಿತ್ತು, ತಂತಿ ಮಾತ್ರ ಬೇರೆಯಾಗಿರುತ್ತಿತ್ತು. ದಾರಿಯಲ್ಲಿ ಒಳ್ಳೆಯ ಸುರುಳಿಗಳನ್ನು ಇಳಿಸಿ, ತಿರಸ್ಕರಿಸಿದ ಸುರುಳಿಗಳನ್ನು ಹೇರಲಾಗುತ್ತಿತ್ತು. ಒಳ್ಳೆಯ ಸುರುಳಿಗಳು ಮತ್ತೆ ಕಾರ್ಖಾನೆಗೆ ಮರಳಿ ಇನ್ನೊಮ್ಮೆ ಪರೀಕ್ಷೆಗೆ ನಿಲ್ಲುತ್ತಿದ್ದವು. ಅನುಮಾನಗೊಂಡ ಎಂಜಿನಿಯರುಗಳು ಗುರುತು ಹಾಕಿ, ಗಾಡಿಗಳ ಬೆನ್ನುಹತ್ತಿ, 1878ರ ಜುಲೈನಲ್ಲಿ ಮೋಸವನ್ನು ಬಯಲಿಗೆಳೆದರು. ಅಷ್ಟರಲ್ಲಿ ಸಾಕಷ್ಟು ಕೆಟ್ಟ ತಂತಿ ಹಗ್ಗಗಳೊಳಗೆ ಸೇರಿಹೋಗಿತ್ತು. ಅದನ್ನು ಹಿರಿದು ತೆಗೆಯುವುದು ಸಾಧ್ಯವಿರಲಿಲ್ಲ.

ಆದರೂ ಸೇತುವೆ ಉಳಿಯಿತು. ಹಗ್ಗಗಳು ಬೇಕಾದುದರ ಆರು ಪಟ್ಟು ಬಲವಾಗಿರಬೇಕೆಂದು ರೋಬ್ಲಿಂಗ್ ಮೊದಲೇ ಲೆಕ್ಕ ಹಾಕಿದ್ದ. ಕೆಟ್ಟ ತಂತಿಯನ್ನು ಕಳೆದರೂ ಐದು ಪಟ್ಟು ಬಲ ಉಳಿಯುತ್ತದೆಂದು ಕಂಡುಕೊಂಡು, ಪ್ರತಿ ಹಗ್ಗಕ್ಕೂ ಸುಮಾರು 150 ತಂತಿಗಳನ್ನು ಹೇಗ್‌ನ ಖರ್ಚಿನಲ್ಲೇ ಹೆಚ್ಚಾಗಿ ಸೇರಿಸಲಾಯಿತು. 1883ರ ಮೇ 24ರಂದು ಸೇತುವೆ ತೆರೆಯಿತು. ಆ ಕೆಟ್ಟ ತಂತಿ ಇಂದಿಗೂ ಅದರ ಹೊಟ್ಟೆಯೊಳಗಿದೆ.

ಈ ಕಥೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಪರೀಕ್ಷೆ ಸರಿಯಾಗಿಯೇ ನಡೆದಿತ್ತು. ಪರೀಕ್ಷೆಗೂ ವಸ್ತುವಿಗೂ ನಡುವಿನ ಕೊಂಡಿ ಕಳಚಿತ್ತು. ಇನ್ನೊಂದು, ಪೂರೈಕೆದಾರನ ವಂಚನೆಯನ್ನು ನುಂಗಿಕೊಳ್ಳುವಷ್ಟು ಹೆಚ್ಚುವರಿ ಬಲ ವಿನ್ಯಾಸದಲ್ಲೇ ಇತ್ತು. ಆಕಾಶಕ್ಕೆ ಹಾರುವ ಯಂತ್ರಗಳಿಗೆ ಈ ಎರಡನೆಯ ಭಾಗ್ಯವಿಲ್ಲ. ವಿಮಾನದ ಕಾಯವನ್ನು ಸಾಮಾನ್ಯವಾಗಿ ಅತಿ ಹೆಚ್ಚು ಭಾರದ ಒಂದೂವರೆ ಪಟ್ಟು ಬಲಕ್ಕೆ ಮಾತ್ರ ವಿನ್ಯಾಸ ಮಾಡುತ್ತಾರೆ. ಆರು ಪಟ್ಟು ಬಲವಾಗಿ ಕಟ್ಟಿದರೆ ಅದು ನೆಲ ಬಿಟ್ಟು ಏಳುವುದೇ ಇಲ್ಲ.

ಅಂಕಪಟ್ಟಿಯ ಲೆಕ್ಕ

ಬ್ರೂಕ್ಲಿನ್ನಿನಿಂದ ಈಚೆಗೆ ಪೂರೈಕೆದಾರನನ್ನು ಅಳೆಯುವ ವಿದ್ಯೆ ಬಹಳ ಬೆಳೆಯಿತು. ಮೊದಮೊದಲು ಎಲ್ಲ ಕಣ್ಣೂ ಬಂದ ಮಾಲಿನ ಮೇಲಿತ್ತು. ರಾಶಿಯಿಂದ ಕೆಲವನ್ನು ತೆಗೆದು ಪರೀಕ್ಷಿಸಿ, ಇಡೀ ರಾಶಿಯನ್ನು ಒಪ್ಪುವುದು ಅಥವಾ ಹಿಂದಿರುಗಿಸುವುದು ರೂಢಿ. ಇದರ ಮಿತಿಯೂ ಬೇಗ ತಿಳಿಯಿತು. ನೂರಕ್ಕೆ ಎರಡು ಕೆಟ್ಟ ಭಾಗಗಳಿರುವ ದೊಡ್ಡ ರಾಶಿಯಿಂದ 50 ಭಾಗಗಳನ್ನು ತೆಗೆದು ನೋಡಿದರೆ, ಒಂದೂ ಕೆಟ್ಟದ್ದು ಕಣ್ಣಿಗೆ ಬೀಳದಿರುವ ಸಾಧ್ಯತೆ ನೂರಕ್ಕೆ 36. ಮೂರರಲ್ಲಿ ಒಂದು ಸಲವಾದರೂ ಪರೀಕ್ಷಕ ಮೋಸ ಹೋಗುತ್ತಾನೆ, ಯಾರೂ ಮೋಸ ಮಾಡದಿದ್ದರೂ.

ಆದ್ದರಿಂದ ಗಮನ ವಸ್ತುವಿನಿಂದ ಅದನ್ನು ಮಾಡುವ ವಿಧಾನದ ಕಡೆಗೆ ತಿರುಗಿತು. ಒಳ್ಳೆಯ ಕ್ರಮದಲ್ಲಿ ನಡೆಯುವ ಕಾರ್ಖಾನೆಯಿಂದ ಒಳ್ಳೆಯ ಮಾಲೇ ಬರುತ್ತದೆಂಬುದು ಇದರ ಹಿಂದಿನ ತರ್ಕ. ಅಮೆರಿಕದ ಸೇನೆ 1959ರಲ್ಲಿ ತನ್ನ ಗುತ್ತಿಗೆದಾರರಿಗೆ ಗುಣಮಟ್ಟ ವ್ಯವಸ್ಥೆಯ ನಿಯಮಗಳನ್ನು ವಿಧಿಸಿತು. ಬ್ರಿಟನ್ 1979ರಲ್ಲಿ ಇಂಥದೇ ಮಾನಕವನ್ನು ತಂದಿತು. ಅದನ್ನು ಆಧರಿಸಿ 1987ರಲ್ಲಿ ಹೊರಬಂದದ್ದೇ ಐಎಸ್‌ಒ 9000 ಮಾಲಿಕೆ. 1990ರ ದಶಕದಲ್ಲಿ ನಮ್ಮ ಕೈಗಾರಿಕಾ ವಸಾಹತುಗಳ ಗೇಟುಗಳ ಮೇಲೆಲ್ಲ ಹೊಳೆದ ಫಲಕಗಳು ಇದರವೇ. ವಿಮಾನ ಮತ್ತು ಬಾಹ್ಯಾಕಾಶ ಉದ್ಯಮ 1999ರಲ್ಲಿ ಇದರ ಮೇಲೆ ತನ್ನದೇ ಹೆಚ್ಚಿನ ಷರತ್ತುಗಳನ್ನು ಸೇರಿಸಿ ಎಎಸ್ 9100 ಎಂಬ ಮಾನಕವನ್ನು ರೂಪಿಸಿಕೊಂಡಿತು.

ಈಗ ದೊಡ್ಡ ಕಂಪೆನಿಯೊಂದು ಹೊಸ ಪೂರೈಕೆದಾರನನ್ನು ಸೇರಿಸಿಕೊಳ್ಳುವ ಬಗೆ ಸುಮಾರಾಗಿ ಹೀಗಿರುತ್ತದೆ. ಮೊದಲು ಪ್ರಶ್ನಾವಳಿ: ಯಂತ್ರಗಳು ಯಾವುವು, ಸಾಲ ಎಷ್ಟು, ಇತರ ಗಿರಾಕಿಗಳು ಯಾರು. ಬಳಿಕ ಕಾರ್ಖಾನೆಗೇ ಹೋಗಿ ತಪಾಸಣೆ. ನಂತರ ತಯಾರಾದ ಮೊದಲ ತುಣುಕನ್ನು ನಕ್ಷೆಯ ಒಂದೊಂದು ಅಳತೆಯೊಡನೆಯೂ ಹೋಲಿಸಿ ನೋಡುವುದು. ಆಮೇಲೆ ಒಂದೇ ಭಾಗವನ್ನು ನೂರಾರು ಸಲ ಮಾಡಿಸಿ, ಅಳತೆ ಎಷ್ಟು ಹೊಯ್ದಾಡುತ್ತದೆಂದು ಲೆಕ್ಕ ಹಾಕುವುದು. ಎಲ್ಲ ಸರಿಹೋದರೆ ಹೆಸರು ಅನುಮೋದಿತ ಪಟ್ಟಿಗೆ ಸೇರುತ್ತದೆ. ಪ್ರತಿ ಭಾಗದ ಜೊತೆಗೂ ಅದು ಯಾವ ಕುಲುಮೆಯ, ಯಾವ ಎರಕದ ಲೋಹ ಎಂಬ ಸಂಖ್ಯೆ ಬರಬೇಕು. ಹಗ್ಗದ ಒಂದು ತುದಿ ಹಿಡಿದು ಇನ್ನೊಂದು ತುದಿಗೆ ಹೋಗುವಂತೆ, ಕೆಟ್ಟ ಭಾಗದಿಂದ ಅದರ ಮೂಲದವರೆಗೆ ಹೋಗಲು ಇದು ದಾರಿ.

ಎಲ್ಲಕ್ಕೂ ಅಂಕ ಕೊಡುವ ಪದ್ಧತಿಯೂ ಇದೆ. ದರಕ್ಕಿಷ್ಟು, ಗುಣಕ್ಕಿಷ್ಟು, ಹೇಳಿದ ದಿನಕ್ಕೆ ಕಳುಹಿಸುವುದಕ್ಕಿಷ್ಟು ಎಂದು ಕೂಡಿ ನೂರಕ್ಕೆ ಲೆಕ್ಕ. ಇಲ್ಲಿ ಒಂದು ಗುಂಡಿ ಇದೆ. ಉದಾಹರಣೆಗೆ ದರಕ್ಕೆ 40, ಗುಣಕ್ಕೆ 30, ಸಮಯಪಾಲನೆಗೆ 30 ಅಂಕ ಎನ್ನೋಣ. ಒಬ್ಬ ದರದಲ್ಲಿ 40, ಸಮಯದಲ್ಲಿ 28, ಗುಣದಲ್ಲಿ ಬರೀ 10 ಪಡೆದರೆ ಅವನ ಮೊತ್ತ 78. ಇನ್ನೊಬ್ಬ ದರದಲ್ಲಿ 25, ಸಮಯದಲ್ಲಿ 22, ಗುಣದಲ್ಲಿ 29 ಪಡೆದರೆ ಮೊತ್ತ 76. ಮೊದಲನೆಯವನೇ ಗೆದ್ದ. ಕಡಿಮೆ ದರ ಕೆಟ್ಟ ಗುಣವನ್ನು ಮುಚ್ಚಿಹಾಕಿತು. ಇದನ್ನು ಬಲ್ಲವರು ಮೊದಲು ಗುಣಕ್ಕೊಂದು ಹೊಸ್ತಿಲು ಇಟ್ಟು, ಅದನ್ನು ದಾಟಿದವರಿಗೆ ಮಾತ್ರ ಉಳಿದ ಅಂಕ ಕೊಡುತ್ತಾರೆ. ದರವನ್ನೂ ಬಿಲ್ಲಿನ ಮೊತ್ತವೆಂದು ನೋಡುವುದಿಲ್ಲ. ತಿರಸ್ಕಾರ, ಮರುಪರೀಕ್ಷೆ, ನಿಂತುಹೋದ ಕೆಲಸ ಇವೆಲ್ಲವನ್ನೂ ಸೇರಿಸಿ ಕಡೆಗೆ ಎಷ್ಟು ಬಿತ್ತೆಂದು ನೋಡುತ್ತಾರೆ.

ಪೂರೈಕೆದಾರನ ದೇಶವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋ 1991ರಲ್ಲಿ ಕ್ರಯೋಜೆನಿಕ್ ಎಂಜಿನ್ನಿಗಾಗಿ ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಅಮೆರಿಕದ ಒತ್ತಡದಿಂದ 1993ರಲ್ಲಿ ತಂತ್ರಜ್ಞಾನದ ಹಸ್ತಾಂತರ ಕೈಬಿಟ್ಟುಹೋಯಿತು. ಸಿಕ್ಕಿದ್ದು ಸಿದ್ಧ ಎಂಜಿನ್ನುಗಳು ಮಾತ್ರ. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ನಿನ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಪೂರೈಕೆದಾರನ ಕೌಶಲದಲ್ಲಿ ಕೊರತೆ ಇರಲಿಲ್ಲ. ಅವನ ಕೈ ಅವನ ಸ್ವಾಧೀನದಲ್ಲಿರಲಿಲ್ಲ, ಅಷ್ಟೆ.

ಮುರಿಯದ ಸಂದು

ಇಷ್ಟೆಲ್ಲ ವಿದ್ಯೆ ಬೆಳೆದ ಮೇಲೂ ಬ್ರೂಕ್ಲಿನ್ನಿನ ಕಥೆ ಇನ್ನೊಂದು ರೂಪದಲ್ಲಿ ಮರುಕಳಿಸಿತು.

2009ರ ಫೆಬ್ರವರಿ 24ರಂದು ಅಮೆರಿಕದ ನಾಸಾ ಸಂಸ್ಥೆ ಕ್ಯಾಲಿಫೋರ್ನಿಯದ ವ್ಯಾಂಡೆನ್‌ಬರ್ಗ್ ನೆಲೆಯಿಂದ ಓಸಿಓ ಎಂಬ ಉಪಗ್ರಹವನ್ನು ಟಾರಸ್ ಎಕ್ಸ್‌ಎಲ್ ರಾಕೆಟ್ಟಿನಲ್ಲಿ ಹಾರಿಸಿತು. ಭೂಮಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಲ್ಲಿ ಎಷ್ಟಿದೆ ಎಂದು ಅಳೆಯುವುದು ಅದರ ಕೆಲಸ. ರಾಕೆಟ್ಟಿನ ಮೂತಿಯಲ್ಲಿ ಉಪಗ್ರಹವನ್ನು ಕಾಯುವ ಒಂದು ಹೊದಿಕೆ ಇರುತ್ತದೆ. ದಟ್ಟ ಗಾಳಿಯನ್ನು ದಾಟಿದ ಮೇಲೆ ಅದು ಎರಡು ಹೋಳಾಗಿ ಕಳಚಿ ಬೀಳಬೇಕು. ಅಂದು ಅದು ಬೀಳಲಿಲ್ಲ. ಆ ಹೆಚ್ಚಿನ ಭಾರವನ್ನು ಹೊತ್ತು ಕಕ್ಷೆಯ ವೇಗವನ್ನು ಮುಟ್ಟಲಾಗದೆ ಉಪಗ್ರಹ ಅಂಟಾರ್ಕ್ಟಿಕದ ಬಳಿ ಸಮುದ್ರಕ್ಕೆ ಬಿತ್ತು. ಇಂಥ ಹೊದಿಕೆ ಎಷ್ಟು ನಿರ್ಣಾಯಕವೆಂದು ಭಾರತಕ್ಕೂ ಗೊತ್ತು: 2017ರ ಆಗಸ್ಟ್ 31ರಂದು, ಇದಕ್ಕೆ ಸಂಬಂಧವಿಲ್ಲದ ಬೇರೊಂದು ಘಟನೆಯಲ್ಲಿ, ಪಿಎಸ್‌ಎಲ್‌ವಿಯ ಉಷ್ಣಕವಚ ತೆರೆಯದೆ ಉಪಗ್ರಹ ಒಳಗೇ ಉಳಿದುಹೋಯಿತು.

ನಾಸಾ ತನಿಖೆ ನಡೆಸಿತು. ಒಂದೇ ಖಚಿತ ಕಾರಣ ಸಿಗಲಿಲ್ಲ. ನಾಲ್ಕು ಸಂಭವನೀಯ ಕಾರಣಗಳು ಪಟ್ಟಿಯಾದವು. ಹೊದಿಕೆಯನ್ನು ದೂಡುವ ಅನಿಲ ವ್ಯವಸ್ಥೆಯನ್ನು ಬದಲಿಸಿ, 2011ರ ಮಾರ್ಚ್ 4ರಂದು ಅದೇ ಬಗೆಯ ರಾಕೆಟ್ಟಿನಲ್ಲಿ ಗ್ಲೋರಿ ಎಂಬ ಇನ್ನೊಂದು ಉಪಗ್ರಹವನ್ನು ಕಳುಹಿಸಲಾಯಿತು. ವಾತಾವರಣದ ಧೂಳುಕಣಗಳನ್ನೂ ಸೂರ್ಯನಿಂದ ಬರುವ ಶಕ್ತಿಯನ್ನೂ ಅದು ಅಳೆಯಬೇಕಿತ್ತು. ಹೊದಿಕೆ ಮತ್ತೆ ತೆರೆಯಲಿಲ್ಲ. ಗ್ಲೋರಿಯೂ ಸಮುದ್ರದ ಪಾಲಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ವಿಜ್ಞಾನಿಗಳ ಪಾಲಿಗೆ ಎರಡನೆಯ ಸಲ ನಿಜವಾಯಿತು.

ವರ್ಷಗಳ ತನಿಖೆಯ ಬಳಿಕ ಬೆರಳು ಒಂದು ಅಲ್ಯೂಮಿನಿಯಂ ಪಟ್ಟಿಯ ಕಡೆಗೆ ತಿರುಗಿತು. ಹೊದಿಕೆಯನ್ನು ಹಿಡಿದಿಡುವ ಸಂದು ಈ ಪಟ್ಟಿಯಿಂದಾದದ್ದು. ಪಟ್ಟಿಯ ಉದ್ದಕ್ಕೂ ತೆಳುವಾದ ಒಂದು ಗೀರು. ಒಳಗೆ ಉಕ್ಕಿನ ಚಪ್ಪಟೆ ಕೊಳವೆ, ಅದರಲ್ಲಿ ಸಿಡಿಮದ್ದಿನ ಎಳೆ. ಮದ್ದು ಸಿಡಿದಾಗ ಕೊಳವೆ ಉಬ್ಬಿ, ಗೀರಿನ ಗುಂಟ ಅಲ್ಯೂಮಿನಿಯಂ ಬಿರಿಯುತ್ತದೆ. ಬ್ರೂಕ್ಲಿನ್ನಿನ ತಂತಿ ಎಂದೂ ಮುರಿಯಬಾರದಿತ್ತು. ಈ ಪಟ್ಟಿ ಹೇಳಿದ ಕ್ಷಣದಲ್ಲಿ, ಹೇಳಿದ ಜಾಗದಲ್ಲಿ, ಪೂರ್ತಿಯಾಗಿ ಮುರಿಯಬೇಕಿತ್ತು. ಅದಕ್ಕೆ ಲೋಹದ ಗುಣ ನಿಗದಿಯಾದ ಮಿತಿಯೊಳಗೇ ಇರಬೇಕು. ಮಿತಿಯೊಳಗಿದೆ ಎಂದು ಪ್ರಮಾಣಪತ್ರ ಹೇಳುತ್ತಿತ್ತು. ಪ್ರಮಾಣಪತ್ರ ಸುಳ್ಳಾಗಿತ್ತು.

ಪಟ್ಟಿಯನ್ನು ಮಾಡಿದ್ದು ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನ ಸಾಪಾ ಪ್ರೊಫೈಲ್ಸ್ ಎಂಬ ಕಂಪೆನಿ. ನಾಸಾ ಮತ್ತು ಅಮೆರಿಕದ ನ್ಯಾಯ ಇಲಾಖೆ 2019ರ ಏಪ್ರಿಲ್ ಕೊನೆಯಲ್ಲಿ ಪ್ರಕಟಿಸಿದಂತೆ, ಅಲ್ಲಿ ಪರೀಕ್ಷೆಯ ಫಲಿತಾಂಶಗಳನ್ನು ತಿದ್ದುವ ಕೆಲಸ 19 ವರ್ಷಗಳ ಕಾಲ ನಡೆದಿತ್ತು. ಪರೀಕ್ಷೆಯಲ್ಲಿ ಸೋತ ಮಾದರಿಗಳ ಅಂಕಿಗಳನ್ನು ಕೈಯಿಂದ ತಿದ್ದಿ ಪಾಸು ಮಾಡಲಾಗುತ್ತಿತ್ತು. ಯಂತ್ರವನ್ನು ನಿಗದಿಗಿಂತ ವೇಗವಾಗಿ ಓಡಿಸಲಾಗುತ್ತಿತ್ತು. ನೂರಾರು ಗಿರಾಕಿಗಳಿಗೆ ಇಂಥ ಸಾವಿರಾರು ಪ್ರಮಾಣಪತ್ರಗಳು ಹೋಗಿದ್ದವು. ಪರೀಕ್ಷಾಲಯದ ಮೇಲ್ವಿಚಾರಕನೊಬ್ಬ ತಪ್ಪೊಪ್ಪಿಕೊಂಡು 3 ವರ್ಷಗಳ ಸೆರೆವಾಸಕ್ಕೆ ಗುರಿಯಾದ. ಬೇರೆ ಹೆಸರಿಗೆ ಬದಲಾಗಿದ್ದ ಕಂಪೆನಿ 4.6 ಕೋಟಿ ಡಾಲರ್ ತೆರಲು ಒಪ್ಪಿತು. ಎರಡು ಉಪಗ್ರಹಗಳಿಂದ ಆದ ನಷ್ಟ 70 ಕೋಟಿ ಡಾಲರಿಗೂ ಹೆಚ್ಚೆಂದು ನಾಸಾ ಹೇಳಿತು.

ಅಳೆಯುವವರೆಲ್ಲ ಎಲ್ಲಿ ಹೋಗಿದ್ದರು ಎಂಬ ಪ್ರಶ್ನೆ ಸಹಜ. ಹೇಗ್ ತಂತಿಯನ್ನು ಬದಲಿಸಿ ಕಾಗದವನ್ನು ಉಳಿಸಿಕೊಂಡಿದ್ದ. ಇಲ್ಲಿ ಲೋಹ ಅದೇ ಇತ್ತು, ಕಾಗದವೇ ಬದಲಾಗಿತ್ತು. ತಪಾಸಣೆಗೆ ಬಂದವರು ನೋಡುವುದು ದಾಖಲೆಗಳನ್ನು. ದಾಖಲೆಗಳು ಒಪ್ಪವಾಗಿದ್ದವು. ಕಾಯಬೇಕಾದ ಪರೀಕ್ಷಾಲಯದಲ್ಲೇ ತಿದ್ದುವ ಕೈ ಇದ್ದರೆ ಅದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆ ಬೇಲಿ ಯಾಕೆ ಎದ್ದಿತೆಂಬುದಕ್ಕೂ ಉತ್ತರ ಸಿಕ್ಕಿತು: ಹೆಚ್ಚು ಉತ್ಪಾದನೆಯಾದರೆ ಹೆಚ್ಚು ಬೋನಸು ಎಂಬ ಏರ್ಪಾಡು ಅಲ್ಲಿತ್ತು. ಪರೀಕ್ಷೆಯಲ್ಲಿ ಒಂದು ರಾಶಿ ಸೋತರೆ ಮಾಲು ಹೋಗುವುದಿಲ್ಲ, ಬೋನಸೂ ಇಲ್ಲ. ಹಾಗಿರುವಾಗ ‘ಸೋತಿತು’ ಎಂದು ಬರೆಯುವವನಿಗೆ ಅಲ್ಲಿ ಮಿತ್ರರೇ ಇರುವುದಿಲ್ಲ. ನೂರು ಪುಟಗಳ ಪ್ರಶ್ನಾವಳಿಯಲ್ಲಿ ಇಲ್ಲದ ಪ್ರಶ್ನೆ ಇದೊಂದೇ: ಈ ಕಾರ್ಖಾನೆಯಲ್ಲಿ ಕೆಟ್ಟ ಸುದ್ದಿ ಹೇಳಿದವನಿಗೆ ಏನಾಗುತ್ತದೆ?

ಹತ್ತು ನಿಮಿಷದ ಬೆಂಕಿ

ಕೆಟ್ಟ ಸುದ್ದಿಯ ಪಯಣ ಎಷ್ಟು ಮುಖ್ಯವೆಂಬುದಕ್ಕೆ ಮೋಸದ ಸುಳಿವೂ ಇಲ್ಲದ ಒಂದು ಉದಾಹರಣೆ ಇದೆ. 2000ದ ಮಾರ್ಚ್ 17ರ ರಾತ್ರಿ ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ಸಿಡಿಲು ಬಡಿದು, ಫಿಲಿಪ್ಸ್ ಕಂಪೆನಿಯ ಚಿಪ್ ಕಾರ್ಖಾನೆಯಲ್ಲಿ ಸಣ್ಣ ಬೆಂಕಿ ಹತ್ತಿತು. ಸುಮಾರು ಹತ್ತು ನಿಮಿಷಗಳಲ್ಲಿ ಆರಿಯೂ ಹೋಯಿತು. ಆದರೆ ಚಿಪ್ ತಯಾರಾಗುವ ಕೋಣೆ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಗಿಂತಲೂ ಶುದ್ಧವಾಗಿರಬೇಕು. ಹೊಗೆ ಮತ್ತು ನೀರು ಆ ಶುದ್ಧತೆಯನ್ನು ಕೆಡಿಸಿದ್ದವು.

ಈ ಚಿಪ್ಪುಗಳ ದೊಡ್ಡ ಗಿರಾಕಿಗಳು ಮೊಬೈಲ್ ಫೋನ್ ಮಾಡುವ ಎರಡು ಕಂಪೆನಿಗಳು: ಫಿನ್‌ಲೆಂಡಿನ ನೋಕಿಯಾ ಮತ್ತು ಸ್ವೀಡನ್ನಿನ ಎರಿಕ್‌ಸನ್. ಸುಮಾರು ಒಂದು ವಾರ ತಡವಾಗಬಹುದೆಂದು ಫಿಲಿಪ್ಸ್ ಇಬ್ಬರಿಗೂ ತಿಳಿಸಿತು. ನೋಕಿಯಾದಲ್ಲಿ ಆ ಚಿಕ್ಕ ಸುದ್ದಿ ತಡವಿಲ್ಲದೆ ಮೇಲಿನವರೆಗೆ ಹೋಯಿತು. ಅವರು ದಿನವೂ ವಿಚಾರಿಸತೊಡಗಿದರು. ತಡ ವಾರದ್ದಲ್ಲ, ತಿಂಗಳುಗಳದ್ದು ಎಂದು ತಿಳಿದಾಗ ಫಿಲಿಪ್ಸಿನ ಇತರ ಕಾರ್ಖಾನೆಗಳಲ್ಲೂ ಬೇರೆ ತಯಾರಕರಲ್ಲೂ ಜಾಗ ಹಿಡಿದರು. ಎರಿಕ್‌ಸನ್ನಿನಲ್ಲಿ ಅದೇ ಸುದ್ದಿ ಕೆಳಗಿನ ಮಟ್ಟದಲ್ಲೇ ಉಳಿಯಿತು. ಖರ್ಚು ಉಳಿಸಲು ಅವರು ಕೆಲವು ಮುಖ್ಯ ಚಿಪ್ಪುಗಳಿಗೆ ಆ ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದರು. ಎಚ್ಚರವಾಗುವಷ್ಟರಲ್ಲಿ ಬದಲಿ ಜಾಗಗಳು ತುಂಬಿಹೋಗಿದ್ದವು. ನಷ್ಟ ಸುಮಾರು 40 ಕೋಟಿ ಡಾಲರ್ ಎಂದು ಲೆಕ್ಕ ಹಾಕಲಾಯಿತು. ಮರುವರ್ಷ ಎರಿಕ್‌ಸನ್ ತನ್ನ ಫೋನ್ ವ್ಯವಹಾರವನ್ನು ಸೋನಿಯೊಡನೆ ಸೇರಿಸಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಹತ್ತು ನಿಮಿಷಗಳನ್ನು ಯಾರೂ ಮರೆಯಲಿಲ್ಲ.

ಹಾಗಾದರೆ ಪ್ರತಿಯೊಂದಕ್ಕೂ ಇಬ್ಬರು ಪೂರೈಕೆದಾರರನ್ನು ಇಟ್ಟುಕೊಂಡರೆ ಆಯಿತಲ್ಲ ಎನ್ನಬಹುದು. ಉನ್ನತ ತಂತ್ರಜ್ಞಾನದಲ್ಲಿ ಅದು ಅಷ್ಟು ಸುಲಭವಲ್ಲ. ಎರಡನೆಯವನಿಗೂ ಅಚ್ಚು, ಪರೀಕ್ಷೆ, ತರಬೇತಿ ಎಲ್ಲವೂ ಮತ್ತೆ ಆಗಬೇಕು. ಕೆಲವು ಕಡೆ ಎರಡನೆಯವನೇ ಇರುವುದಿಲ್ಲ. ಅತಿಸೂಕ್ಷ್ಮ ಚಿಪ್ಪುಗಳನ್ನು ಮುದ್ರಿಸುವ ನೆದರ್ಲೆಂಡ್ಸಿನ ಎಎಸ್‌ಎಂಎಲ್ ಕಂಪೆನಿಯ ಯಂತ್ರಗಳಿಗೆ ಬೇಕಾದ ಕನ್ನಡಿಗಳು ಬರುವುದು ಜರ್ಮನಿಯ ಜೈಸ್ ಒಂದರಿಂದಲೇ. ಅಲ್ಲಿ ಸಂಬಂಧ ವ್ಯಾಪಾರದ್ದಕ್ಕಿಂತ ಹೆಚ್ಚಾಗಿ ಮದುವೆಯಂಥದು. ಬಿಟ್ಟುಹೋಗುವ ದಾರಿ ಇಬ್ಬರಿಗೂ ಇಲ್ಲವಾದ್ದರಿಂದ ಒಬ್ಬರ ತೊಂದರೆ ಇನ್ನೊಬ್ಬರಿಗೆ ಬೇಗ ತಿಳಿಯುವುದೇ ಉಳಿದಿರುವ ರಕ್ಷಣೆ.

ನರಸಾಪುರದ ಪಾಠ

ಕೆಟ್ಟ ಸುದ್ದಿ ಲೋಹದ್ದೇ ಆಗಬೇಕಿಲ್ಲ, ಸಂಬಳದ್ದೂ ಆಗಬಹುದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪೆನಿ ಆಪಲ್ ಕಂಪೆನಿಗಾಗಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಮುಂಜಾನೆ ಅಲ್ಲಿನ ಕಾರ್ಮಿಕರ ಸಿಟ್ಟು ದಾಂಧಲೆಯಾಗಿ ಹೊರಬಿತ್ತು. ಸಂಬಳ ಸರಿಯಾಗಿ ಬರುತ್ತಿಲ್ಲ, ಹೆಚ್ಚಿನ ಹೊತ್ತಿನ ದುಡಿಮೆಗೆ ತಕ್ಕ ಲೆಕ್ಕವಿಲ್ಲ ಎಂಬುದು ಅವರ ದೂರು. ದುಡಿಮೆಯ ಅವಧಿಯ ಲೆಕ್ಕವನ್ನು ಸರಿಯಾಗಿ ಇಡುವ ವ್ಯವಸ್ಥೆ ಅಲ್ಲಿರಲಿಲ್ಲವೆಂದೂ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತೆಂದೂ ಆಪಲ್ ಕಂಡುಕೊಂಡಿತು. ತಪ್ಪು ತಿದ್ದಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಹೇಳಿ ವಿಸ್ಟ್ರಾನನ್ನು ಪರಿವೀಕ್ಷಣೆಯಲ್ಲಿಟ್ಟಿತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಸಮೂಹ ಕೊಳ್ಳಲು ಒಪ್ಪಂದವಾಯಿತು.

ಆಪಲ್‌ಗೆ ತನ್ನ ಪೂರೈಕೆದಾರರ ನಡತೆಗೊಂದು ನಿಯಮಾವಳಿ ಇತ್ತು, ತಪಾಸಣೆಗಳೂ ಇದ್ದವು. ಆದರೂ ಸಾವಿರಾರು ಜನ ಬಲ್ಲ ಸಂಗತಿ ಗಾಜು ಒಡೆದ ಮೇಲೆಯೇ ಗಿರಾಕಿಯ ಕಿವಿಗೆ ತಲುಪಿತು. ತನ್ನ ಹಾಜರಿಯ ಲೆಕ್ಕ ತಪ್ಪಿದೆ ಎಂದು ಹೇಳಿದರೆ ಕೇಳುವವರಿಲ್ಲದ ಕಾರ್ಖಾನೆಯಲ್ಲಿ, ತಾನು ಕೂರಿಸಿದ ತಿರುಪು ಸಡಿಲವಾಗಿದೆ ಎಂದು ಹೇಳುವವರು ಎಷ್ಟು ಜನ ಇರಬಹುದು? ಕಾರ್ಮಿಕರನ್ನು ನಡೆಸಿಕೊಳ್ಳುವ ಬಗೆ ಗುಣಮಟ್ಟದ ಲೆಕ್ಕಕ್ಕೆ ಹೊರಗಿನದಲ್ಲ. ಅದು ಬರುವುದು ಆ ಲೆಕ್ಕದ ಮೊದಲ ಸಾಲಿನಲ್ಲೇ.

ಇವೆಲ್ಲದರಿಂದ ಕೊಳ್ಳುವವರು ಕಲಿತಿರುವ ಪಾಠಗಳು ಸರಳವಾದವು. ಪೂರೈಕೆದಾರನ ಪ್ರಮಾಣಪತ್ರವನ್ನು ಒಪ್ಪಿದರೂ ಆಗೊಮ್ಮೆ ಈಗೊಮ್ಮೆ, ಮುನ್ಸೂಚನೆಯಿಲ್ಲದೆ, ಒಂದು ತುಂಡನ್ನು ಮೂರನೆಯವರ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಚಿನ್ನದ ವಿಷಯದಲ್ಲಿ ಸಮಾಜ ಇದನ್ನು ಎಂದೋ ಕಂಡುಕೊಂಡಿದೆ. ಲಂಡನ್ನಿನ ಅಕ್ಕಸಾಲಿಗರ ಸಂಘ 1478ರಿಂದ ತನ್ನ ಸಭಾಭವನದಲ್ಲೇ ಪರೀಕ್ಷಿಸಿ ಮುದ್ರೆ ಒತ್ತುತ್ತ ಬಂತು. ಭಾರತದಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದದ್ದು 2021ರ ಜೂನ್‌ನಿಂದ. ಮಾಡುವವನೇ ಮುದ್ರೆ ಒತ್ತಬಾರದೆಂಬುದು ಇದರ ಸಾರ. ಪರೀಕ್ಷಿಸುವವನ ಸಂಬಳ ಪರೀಕ್ಷೆಯ ಫಲವನ್ನು ಅವಲಂಬಿಸಿರಬಾರದು ಎಂಬುದು ಎರಡನೆಯದು. ಮೂರನೆಯದು ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ: ವರ್ಷಗಟ್ಟಲೆ ಒಂದೂ ಸೋಲಿಲ್ಲದ ದಾಖಲೆಯನ್ನು ಕಂಡರೆ ಮೆಚ್ಚುವ ಮೊದಲು ಅನುಮಾನಿಸಬೇಕು. ಲೋಹ ಕರಗಿಸುವ, ಎಳೆಯುವ, ಕಾಯಿಸುವ ಯಾವ ಕೆಲಸದಲ್ಲೂ ಕೆಲವು ರಾಶಿಗಳು ಕೆಡುವುದು ಸಹಜ. ತಿರಸ್ಕರಿಸಿದ ಮಾಲಿನ ರಾಶಿಯನ್ನು ತೋರಿಸಲು ಹಿಂಜರಿಯದ ಕಾರ್ಖಾನೆ, ಅದನ್ನು ಮುಚ್ಚಿಟ್ಟು ಹೊಳೆಯುವ ಫಲಕವನ್ನು ತೋರಿಸುವ ಕಾರ್ಖಾನೆಗಿಂತ ನಂಬಿಕೆಗೆ ಅರ್ಹವಾದುದು.

ಇದಕ್ಕೆ ಕೊಳ್ಳುವವನೂ ಯೋಗ್ಯನಾಗಿರಬೇಕು ಎಂಬುದನ್ನು ಮರೆಯುವಂತಿಲ್ಲ. ‘ಈ ಸಲದ ರಾಶಿ ಸರಿಬಂದಿಲ್ಲ, ಹದಿನೈದು ದಿನ ತಡವಾಗುತ್ತದೆ’ ಎಂದು ನಿಜ ಹೇಳಿದ ಪೂರೈಕೆದಾರನಿಗೆ ದಂಡ ಹಾಕಿ ಪಟ್ಟಿಯಿಂದ ಕಿತ್ತೊಗೆಯುವ ಗಿರಾಕಿಗೆ ಮುಂದಿನ ಸಲ ನಿಜ ಸಿಗುವುದಿಲ್ಲ, ಮಾಲು ಮಾತ್ರ ಸಿಗುತ್ತದೆ. ಸುಳ್ಳು ಪ್ರಮಾಣಪತ್ರ ಬರೆಯುವವನ ಕೈಯ ಹಿಂದೆ ಕೆಲವೊಮ್ಮೆ ಕೊಳ್ಳುವವನ ಅವಸರವೂ ಇರುತ್ತದೆ.

ಸಮುದ್ರಕ್ಕೆ ಬಿದ್ದ ಓಸಿಓ ಮಾಡಬೇಕಿದ್ದ ಕೆಲಸವನ್ನು ಕೈಗೊಳ್ಳಲು ಅದೇ ಬಗೆಯ ಇನ್ನೊಂದು ಉಪಗ್ರಹ 2014ರ ಜುಲೈ 2ರಂದು ಬೇರೆ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ನಡುವೆ ಐದು ವರ್ಷಗಳು ಕಳೆದುಹೋಗಿದ್ದವು. ಆ ಐದು ವರ್ಷಗಳ ಗಾಳಿಯನ್ನು ಮತ್ತೆ ಅಳೆಯಲು ಯಾವ ದಂಡದ ಹಣದಿಂದಲೂ ಸಾಧ್ಯವಿಲ್ಲ. ಪೋರ್ಟ್‌ಲೆಂಡಿನ ಪರೀಕ್ಷಾಲಯದಲ್ಲಿ ಸೋತ ಅಂಕಿಯನ್ನು ಸೋತದ್ದೆಂದೇ ಬರೆದು ಮುಂದಕ್ಕೆ ಕಳುಹಿಸಿದ್ದರೆ ನಷ್ಟವಾಗುತ್ತಿದ್ದುದು ಒಂದಿಷ್ಟು ಅಲ್ಯೂಮಿನಿಯಂ ಮಾತ್ರ.